ಅಂಗಡಿಗೆ ಲೈಸೆನ್ಸ್ ಇದೆ, ಔಷಧಿ ಹೊಡೆಯುವವನಿಗೆ ಏನಿದೆ?

ಸಂಪಾದಕರಿಗೆ ನಮಸ್ಕಾರ,

ಕೀಟನಾಶಕ ಅಂಗಡಿಗಳ ಮೇಲೆ ಕೃಷಿ ಇಲಾಖೆಯವರು ದಾಳಿ ಮಾಡಿದರು, ಲೈಸೆನ್ಸ್ ಅಮಾನತು ಮಾಡಿದರು ಅನ್ನೋ ಸುದ್ದಿ ಮುಂಗಾರು ಶುರುವಾದರೆ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಬರಲಿ, ಒಳ್ಳೆಯದೇ. ಆದರೆ ಅದೇ ಔಷಧಿಯನ್ನು ಡ್ರಮ್ಮಿಗೆ ಸುರಿದು, ಕಲಸಿ, ದಿನವಿಡೀ ಹೊಡೆಯುವವನಿಗೆ ಯಾರು ಏನು ಕಲಿಸಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನಾನು ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವವನು. ನನ್ನ ತಕರಾರು ಇದೊಂದೇ.

ಕಾನೂನು ಇಲ್ಲ ಅಂತಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಸೋರಿ ಬೆರೆತಿದ್ದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತು, ಹತ್ತು ವರ್ಷ ಕಳೆದ ಮೇಲೆ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ತಯಾರಿಸಬೇಕಾದರೆ, ಮಾರಬೇಕಾದರೆ, ಮಾರಲು ದಾಸ್ತಾನು ಇಡಬೇಕಾದರೆ ಲೈಸೆನ್ಸ್ ಬೇಕು. ದುಡ್ಡು ತಗೊಂಡು ಮನೆ, ಗೋಡೌನುಗಳಿಗೆ ಔಷಧಿ ಹೊಡೆಯುವ ಪೆಸ್ಟ್ ಕಂಟ್ರೋಲ್ ಕಂಪನಿಗೂ ಬೇಕು. ಆದರೆ ಅದೇ ಕಾಯ್ದೆಯ 38ನೇ ಕಲಮು ನೋಡಿ. ಮನೆ ಬಳಕೆಗೆ, ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಜಮೀನಿಗೆ ಯಾರು ಕೀಟನಾಶಕ ಬಳಸಿದರೂ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅಲ್ಲಿದೆ. ರೈತನಿಗೆ ಕಿರುಕುಳ ಆಗಬಾರದು ಅಂತ ಇಟ್ಟಿರಬಹುದು, ಅದು ಸರಿಯೇ. ಆದರೆ ಇವತ್ತು ಔಷಧಿ ಹೊಡೆಯುತ್ತಿರುವುದು ಎಲ್ಲ ಕಡೆ ಜಮೀನಿನ ಯಜಮಾನನೇ ಅಲ್ಲವಲ್ಲ.

ನಮ್ಮ ಕಡೆ ಔಷಧಿ ಹೊಡೆಯುವುದಕ್ಕೇ ಹುಡುಗರ ತಂಡಗಳಿವೆ. ಫೋನ್ ಮಾಡಿದರೆ ಪವರ್ ಸ್ಪ್ರೇಯರ್, ಪೈಪು, ಗನ್ನು ಎಲ್ಲ ಗಾಡಿಗೆ ಹಾಕಿಕೊಂಡು ಬರುತ್ತಾರೆ. ಡ್ರಮ್ಮಿಗೆ ಇಷ್ಟು ಅಂತ ಲೆಕ್ಕ. ಡ್ರಮ್ಮು 200 ಲೀಟರಿನದು. ಅದಕ್ಕೆ ಊಜಿ ಹುಳಕ್ಕೊಂದು, ಅಂಗಮಾರಿ ರೋಗಕ್ಕೊಂದು, ಬಿಳಿ ನೊಣಕ್ಕೊಂದು, ಜೊತೆಗೆ ಹೂವು ನಿಲ್ಲಲಿ ಅಂತ ಒಂದು ಟಾನಿಕ್ಕು. ಅಳತೆ ಅಂದರೆ ಬಾಟ್ಲಿ ಮುಚ್ಚಳ. ಕಲಸೋದಕ್ಕೆ ಅಲ್ಲೇ ಬಿದ್ದಿದ್ದ ಕೋಲು, ಅದೂ ಇಲ್ಲದಿದ್ದರೆ ಕೈ. ಮುಖಕ್ಕೆ ಒಂದು ಟವೆಲ್ಲು, ಅದು ಅರ್ಧ ಗಂಟೆಗೆ ನೆನೆದು ಮೂಗಿಗೇ ಅಂಟಿಕೊಂಡಿರುತ್ತದೆ. ನಾಜಲ್ ಕಟ್ಟಿಕೊಂಡಿತು ಅನ್ನಿ, ಬಿಚ್ಚಿ ಬಾಯಿಟ್ಟು ಊದುತ್ತಾರೆ. ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮೆಟೊ ತೋಟ ಎದೆಯೆತ್ತರ ಬಂದ ಮೇಲೆ ಸಾಲಿನ ಮಧ್ಯೆ ನಡೆಯುವವನ ಮೇಲೆ ಆ ಮಂಜೆಲ್ಲ ವಾಪಸ್ ಬೀಳುತ್ತದೆ. ಸಂಜೆ ತಲೆ ಸುತ್ತು, ವಾಂತಿ ಅಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಮಲಗಿಸುತ್ತಾರೆ, ಅಷ್ಟೇ.

ಇದು ಸುಮ್ನೆ ಹೆದರಿಸೋ ಮಾತಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು, ಸೆಕೆ ಜಾಸ್ತಿ ಇತ್ತು, ಎರಡು ಮೂರು ಔಷಧಿ ಒಟ್ಟಿಗೆ ಕಲಸಿ ಹೊಡೆಯುತ್ತಿದ್ದರು. ಸತ್ತವರಲ್ಲಿ ಕೂಲಿಗೆ ಹೋದವರೂ ಇದ್ದರು. ನಮ್ಮ ತೋಟಗಳಲ್ಲಿ ಇದರಲ್ಲಿ ಯಾವುದು ಇಲ್ಲ, ಹೇಳಿ?

ಈಗ ಅಂಗಡಿ ವಿಚಾರಕ್ಕೆ ಬರೋಣ. 2015ರಲ್ಲಿ ನಿಯಮಕ್ಕೆ ತಿದ್ದುಪಡಿ ಮಾಡಿ, ಕೀಟನಾಶಕ ಮಾರುವವನಿಗೆ ಕೃಷಿ ಡಿಗ್ರಿಯೋ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಸೈನ್ಸ್ ಡಿಗ್ರಿಯೋ ಇರಬೇಕು, ಇಲ್ಲವಾದರೆ ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು ಅಂದರು. ಹಳೇ ಅಂಗಡಿಯವರು ಗೋಳಾಡಿದರು, ಗಡುವು ಮುಂದಕ್ಕೆ ಹೋಯಿತು, ಕೊನೆಗೆ ಡಿಗ್ರಿ ಇಲ್ಲದ ಹಳಬರಿಗೆ 12 ವಾರದ ಸರ್ಟಿಫಿಕೇಟ್ ಕೋರ್ಸಿನ ದಾರಿ ಮಾಡಿಕೊಟ್ಟರು. ಇದಲ್ಲದೆ ಹೈದರಾಬಾದಿನ ಮ್ಯಾನೇಜ್ ಅನ್ನೋ ಕೃಷಿ ತರಬೇತಿ ಸಂಸ್ಥೆ 2003ರಲ್ಲಿ ಅಂಗಡಿಯವರಿಗಾಗಿ ಶುರು ಮಾಡಿದ ‘ದೇಸಿ’ ಡಿಪ್ಲೊಮಾ ಇದೆ. ವಾರಕ್ಕೊಂದು ದಿನದಂತೆ 48 ವಾರ, ಅದರಲ್ಲಿ 40 ತರಗತಿ, 8 ಸಲ ಹೊಲಕ್ಕೆ ಭೇಟಿ. ನನ್ನ ಕೇಳಿದರೆ ಡಿಗ್ರಿಗಿಂತ ಇದೇ ವಾಸಿ. ಇಪ್ಪತ್ತು ವರ್ಷ ಕೌಂಟರಿನಲ್ಲಿ ನಿಂತವನಿಗೆ ರೋಗದ ಹೆಸರು ಗೊತ್ತಿರುತ್ತದೆ, ಔಷಧಿ ಯಾಕೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಿರುವುದಿಲ್ಲ. ಆ ಕೊರತೆಯನ್ನು ಇಂಥ ತರಗತಿ ತುಂಬುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಗೋಡೆಗೆ ನೇತುಹಾಕಿರುವ ಸರ್ಟಿಫಿಕೇಟು ಒಬ್ಬರದು, ಕೌಂಟರಿನಲ್ಲಿ ನಿಂತಿರುವವರು ಇನ್ನೊಬ್ಬರು. ತಾಲೂಕು ಕೇಂದ್ರದ ಯಾವುದಾದರೂ ಅಂಗಡಿ ಮುಂದೆ ಸಂತೆ ದಿನ ಹತ್ತು ನಿಮಿಷ ನಿಂತು ನೋಡಿ. ರೈತ ಬಂದು ಮೊಬೈಲಿನಲ್ಲಿ ಮುದುಡಿದ ಎಲೆಯ ಫೋಟೊ ತೋರಿಸುತ್ತಾನೆ. ಅಂಗಡಿ ಹುಡುಗ ಸರಿಯಾಗಿ ನೋಡುವುದೂ ಇಲ್ಲ, ‘ಅಣ್ಣಾ, ಇದು ಹೊಡಿ, ಇದಕ್ಕೆ ಇದು ಸೇರಿಸ್ಕೋ’ ಅಂತ ಮೂರು ಬಾಟ್ಲಿ ಇಡುತ್ತಾನೆ. ಮೂರರಲ್ಲಿ ಒಂದು ‘ಬಯೋ’, ಅದರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಬಿಲ್ಲು ಕೇಳಿದರೆ ‘ಸಾಲದಲ್ಲಿ ತಗೊಂಡು ಹೋಗೋದಕ್ಕೆ ಬಿಲ್ಲು ಯಾಕಣ್ಣ’ ಅನ್ನುತ್ತಾನೆ. ಅಂಗಡಿಯವನು ಸಾಲ ಕೊಡುತ್ತಾನೆ, ಮಂಡಿಯಲ್ಲಿ ದುಡ್ಡು ಬಂದ ಮೇಲೆ ತೀರಿಸುತ್ತೇವೆ. ಸಾಲ ಇರುವಾಗ ಅವನು ಕೊಟ್ಟಿದ್ದನ್ನು ಬೇಡ ಅನ್ನೋಕೆ ಬಾಯಿ ಬರುತ್ತದಾ? ಯಾವ ಲೈಸೆನ್ಸ್ ನಿಯಮವೂ ಈ ಸಾಲದ ಗಂಟನ್ನು ಮುಟ್ಟಿಲ್ಲ.

ಬಾಟ್ಲಿಯ ಜೊತೆ ಒಂದು ಚೀಟಿ ಬರುತ್ತದೆ. ಇರುವೆ ಸಾಲಿನಂಥ ಅಕ್ಷರ, ನಾಲ್ಕಾರು ಮಡಿಕೆ, ಅದರೊಳಗೆಲ್ಲೋ ಕನ್ನಡ. ಯಾವ ಬೆಳೆಗೆ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ವಿಷ ಏರಿದರೆ ಯಾವ ಮದ್ದು, ಎಲ್ಲ ಅದರಲ್ಲೇ ಇರುತ್ತದೆ. ಬಾಟ್ಲಿ ಮೇಲಿನ ತ್ರಿಕೋನದ ಬಣ್ಣ ಅದಕ್ಕಿಂತ ಸುಲಭ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಇಷ್ಟು ತಿಳಿಸೋದಕ್ಕೆ ಐದು ನಿಮಿಷ ಸಾಕು. ನಾನು ಕೇಳಿ ನೋಡಿದ ಸ್ಪ್ರೇ ಹುಡುಗರಲ್ಲಿ ಹೆಚ್ಚಿನವರು ಆ ಬಣ್ಣ ಕಂಪನಿಯ ಗುರುತು ಅಂದುಕೊಂಡಿದ್ದರು. ಇನ್ನು ಕಾಯಬೇಕಾದ ದಿನದ ಲೆಕ್ಕ ಟೊಮೆಟೊದಲ್ಲಿ ಹೇಗೆ ನಡೆಯುತ್ತದೆ ಹೇಳಿ. ಎರಡು ಮೂರು ದಿನಕ್ಕೊಮ್ಮೆ ಹಣ್ಣು ಬಿಡಿಸುತ್ತೇವೆ, ರೇಟು ಇದ್ದಾಗ ಕಾಯಿ ಅಂತಲೂ ನೋಡುವುದಿಲ್ಲ. ಬೆಳೆಗಾರರೇನೂ ಸಾಚಾ ಅಲ್ಲ.

ನಿಷೇಧದ ಕತೆಯೂ ಹೀಗೇ. ಮೊನೊಕ್ರೋಟೊಫಾಸ್ ಅನ್ನೋ ಕೀಟನಾಶಕವನ್ನು ತರಕಾರಿಗೆ ಬಳಸಬಾರದು ಅಂತ 2005ರಲ್ಲೇ ಆದೇಶ ಬಂದಿತ್ತು, ಆದರೆ ಅದೇ ಬಾಟ್ಲಿ ಹತ್ತಿಗೆ, ಭತ್ತಕ್ಕೆ ಅಂತ ಅಂಗಡಿಯಲ್ಲಿ ಇದ್ದೇ ಇತ್ತು. ಮನೆಗೆ ಹೋದ ಮೇಲೆ ಅದನ್ನು ಬದನೆಗೆ ಹೊಡೆದರಾ, ಹತ್ತಿಗೆ ಹೊಡೆದರಾ ಅಂತ ನೋಡುವವರು ಯಾರು? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳು ಮಾತ್ರ ಬಳಸಬೇಕು ಅಂತ ಆದೇಶ ಮಾಡಿತು. ಶ್ರೀನಿವಾಸಪುರದ ಮಾವಿನ ತೋಪಿಗೆ ಕಳೆ ಹೊಡೆಸೋಕೆ ಯಾವ ಆಪರೇಟರ್ ಬರುತ್ತಾನೆ ಸ್ವಾಮಿ? ಅದರ ಮುಂದಿನ ತಿಂಗಳೇ, ಲೈಸೆನ್ಸ್ ಇದ್ದವರು ಆನ್‌ಲೈನಿನಲ್ಲೂ ಕೀಟನಾಶಕ ಮಾರಬಹುದು ಅಂತ ನಿಯಮ ಬದಲಾಯಿತು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಮನೆ ಬಾಗಿಲಿಗೇ ಡಬ್ಬ.

ಡ್ರೋನ್ ವಿಚಾರ ನೋಡಿ, ನಗು ಬರುತ್ತದೆ. ಡ್ರೋನಿನಲ್ಲಿ ಔಷಧಿ ಹೊಡೆಯುವವನಿಗೆ ಪೈಲಟ್ ಸರ್ಟಿಫಿಕೇಟ್ ಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ತರಬೇತಿ ಮುಗಿಸಿರಬೇಕು. ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಕೇಂದ್ರದ ಡ್ರೋನ್ ದೀದಿ ಯೋಜನೆಯ ಹೆಣ್ಣುಮಕ್ಕಳಿಗೆ 15 ದಿನ ತರಬೇತಿ. ಅವರು ಬದುವಿನ ಮೇಲೆ ದೂರದಲ್ಲಿ ನಿಂತು ಹೊಡೆಯುವವರು. ವಿಷದ ಮಂಜಿನೊಳಗೇ ನಡೆಯುವವನಿಗೆ ಒಂದು ಗಂಟೆಯ ಪಾಠವೂ ಇಲ್ಲ. ಕೆಲಸಗಾರರಿಗೆ ತರಬೇತಿ ಕೊಡಿಸುವ ಹೊಣೆಯನ್ನು 1971ರ ನಿಯಮಗಳು ತಯಾರಕರ ಮೇಲೆ, ವಿತರಕರ ಮೇಲೆ ಹಾಕಿವೆ. ಕಂಪನಿಯವರು ಊರಿಗೆ ಬರುತ್ತಾರೆ ನಿಜ, ಟೀ ಶರ್ಟು, ಕ್ಯಾಪು ಕೊಟ್ಟು ಹೊಸ ಬಾಟ್ಲಿ ತೋರಿಸಿ ಹೋಗುತ್ತಾರೆ. ಕೈಗವಸು ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ.

ಹಾಗಂತ ಪ್ರತಿ ರೈತನಿಗೂ ಲೈಸೆನ್ಸ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಇನ್ನೊಂದು ಕ್ಯೂ, ಇನ್ನೊಬ್ಬ ಬ್ರೋಕರ್, ಇನ್ನೊಂದು ಕವರ್, ಅಷ್ಟೇ ಆಗೋದು. ಕೂಲಿಗೆ ಔಷಧಿ ಹೊಡೆಯುವವರಿಂದ ಶುರು ಮಾಡಲಿ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ, ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕೆಲಸ ಕಡಿಮೆ ಇರುವ ದಿನಗಳಲ್ಲಿ ಎರಡು ದಿನ ಕೂರಿಸಿ, ಆ ಎರಡು ದಿನದ ಕೂಲಿಯನ್ನೂ ಕೊಡಲಿ, ಕೊಡದಿದ್ದರೆ ಯಾರೂ ಬರುವುದಿಲ್ಲ. ತ್ರಿಕೋನದ ಬಣ್ಣ, ಅಳತೆ, ಯಾವುದಕ್ಕೆ ಯಾವುದು ಬೆರೆಸಬಾರದು, ಗಾಳಿ ಯಾವ ಕಡೆ ಇದ್ದರೆ ಎತ್ತ ನಡೆಯಬೇಕು, ನಾಜಲ್ಲನ್ನು ಬಾಯಿಡದೆ ಹೇಗೆ ಶುಚಿ ಮಾಡಬೇಕು, ಆಸ್ಪತ್ರೆಗೆ ಹೋಗುವಾಗ ಬಾಟ್ಲಿ ಜೊತೆಗೇ ತಗೊಂಡು ಹೋಗಬೇಕು ಅನ್ನೋದು, ಇವಿಷ್ಟೇ. ಡಾಕ್ಟರಿಗೆ ಯಾವ ವಿಷ ಅಂತ ಗೊತ್ತಾದರೆ ತಾನೇ ಅಟ್ರೊಪಿನ್ ಅನ್ನೋ ವಿಷ ಇಳಿಸುವ ಮದ್ದು ಕೊಡಬೇಕೋ ಬೇಡವೋ ಅಂತ ಬೇಗ ತೀರ್ಮಾನ ಮಾಡೋದು. ಮುಗಿಸಿದವರಿಗೆ ಒಂದು ಕಾರ್ಡು, ಒಂದು ಜೊತೆ ಕೈಗವಸು, ಒಂದು ಸರಿಯಾದ ಮಾಸ್ಕು. ಕಾರ್ಡು ಇರುವ ಹುಡುಗ ಡ್ರಮ್ಮಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೇಳಿದರೆ ನಾನಂತೂ ಕೊಡುತ್ತೇನೆ. ಯಾಕಂದರೆ ಅಳತೆ ತಪ್ಪಿ ಹೂವು ಉದುರಿದರೆ ಹೋಗೋ ದುಡ್ಡು ಅದಕ್ಕಿಂತ ಜಾಸ್ತಿ.

ಅಂಗಡಿಗಳಿಗೆ ಹೊಸ ಕಾನೂನೇನೂ ಬೇಕಿಲ್ಲ. 2020ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಕೀಟನಾಶಕ ನಿರ್ವಹಣಾ ಮಸೂದೆಗೆ ಕಾದಿದ್ದೇ ಬಂತು. ಸರ್ಟಿಫಿಕೇಟು ಯಾರದೋ ಅವರು ಅಂಗಡಿಯಲ್ಲಿ ಇದ್ದಾರಾ, ಸಾಲಕ್ಕೆ ಕೊಟ್ಟಾಗಲೂ ಬ್ಯಾಚ್ ನಂಬರ್ ಹಾಕಿ ಬಿಲ್ಲು ಕೊಡುತ್ತಿದ್ದಾರಾ, ಪರಿವೀಕ್ಷಕರು ಈ ಎರಡನ್ನು ನೋಡಲಿ. ಬರೀ ಮುಂಗಾರಿನಲ್ಲಲ್ಲ, ಬೇಸಿಗೆ ಟೊಮೆಟೊ ನಾಟಿ ಸಮಯದಲ್ಲೂ ಬರಲಿ. ನಿಮ್ಮ ವರದಿಗಾರರಿಗೂ ಒಂದು ಮಾತು: ಮುಂದಿನ ಸಲ ದಾಳಿಯ ಸುದ್ದಿ ಬರೆಯುವಾಗ, ಈ ವರ್ಷ ತಾಲೂಕಿನಲ್ಲಿ ಎಷ್ಟು ಜನ ಔಷಧಿ ಹೊಡೆಯುವವರಿಗೆ ತರಬೇತಿ ಕೊಟ್ಟಿದ್ದೀರಿ ಅಂತ ಅದೇ ಅಧಿಕಾರಿಯನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಇಂತಿ,
ಒಬ್ಬ ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲೂಕು