ಆ ರೈಲಿನ ಸಿನಿಮಾನ ಪೂರ್ತಿ ನೋಡೋ

ಚಿ. ಪುಟ್ಟೂಗೆ ದೊಡ್ಡಪ್ಪನ ಆಶೀರ್ವಾದ.

'ನಾರ್ತ್ ವೆಸ್ಟ್ ಫ್ರಾಂಟಿಯರ್' ಅರ್ಧಕ್ಕೇ ಬಿಟ್ಯಂತೆ, "ಬರೀ ಬ್ರಿಟಿಷರ ತುತ್ತೂರಿ" ಅಂದ್ಯಂತೆ, ನಿಮ್ಮಪ್ಪ ಫೋನಲ್ಲಿ ಹೇಳ್ದ. ತುತ್ತೂರಿ ಊದೋದು ನಿಜ ಕಣೋ, ನಾನೇನು ಇಲ್ಲ ಅನ್ನಲ್ಲ. 1959ರ ಇಂಗ್ಲಿಷ್ ಸಿನಿಮಾ, ಕಥೆ 1905ರದ್ದು, ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿನಾಡಲ್ಲಿ ದಂಗೆ ಎದ್ದು ಒಬ್ಬ ಪುಟ್ಟ ಹಿಂದೂ ರಾಜಕುಮಾರನ್ನ ಬ್ರಿಟಿಷ್ ಕ್ಯಾಪ್ಟನ್ ಹಳೇ ಉಗಿ ಇಂಜಿನ್ ಕಟ್ಕೊಂಡು ಪಾರು ಮಾಡ್ಬೇಕು. ದಂಗೆ ಎದ್ದೋರಿಗೆ ಮುಖಾನೇ ಇಲ್ಲ, ಬರೀ ಗುಂಪು. ಅದಕ್ಕೆ ಬೈಕೋ, ಆದ್ರೆ ಬೈಕೊಂಡೇ ಮುಂದಕ್ಕೆ ನೋಡು.

ನಿರಾಶ್ರಿತರ ರೈಲು ಸಿಗೋ ಸೀನ್ ಬರುತ್ತೆ. ಇವರಿಗಿಂತ ಮುಂಚೆ ಹೊರಟಿದ್ದ ರೈಲದು, ಸ್ಟೇಶನ್ನಲ್ಲಿ ನಿಂತಿದೆ, ಒಳಗೆ ಎಲ್ರೂ ಹೆಣ, ಹೀರೋಯಿನ್ ಲಾರೆನ್ ಬಕಾಲ್ ಇಳಿದು ಹೋಗಿ ಹುಡುಕಿದ್ರೆ ಬದುಕಿರೋದು ಒಂದು ಕೂಸು ಮಾತ್ರ. ಹೆಸರಿಗೆ 1905 ಅಷ್ಟೇ, ಅದು 1947ರ ರೈಲೇ ಕಣೋ, ದೇಶ ಒಡೆದು ಹನ್ನೆರಡೇ ವರ್ಷ ಆಗಿತ್ತಲ್ಲ. ಇಂಜಿನ್ ಡ್ರೈವರ್ ಗುಪ್ತಾ ಆಗಿರೋನು ನಮ್ಮ ಹಿಂದಿ ಸಿನಿಮಾದ ಐ.ಎಸ್. ಜೋಹರ್, ಈಗ ಪಾಕಿಸ್ತಾನದಲ್ಲಿರೋ ತಲಗಂಗ್‌ನಲ್ಲಿ ಹುಟ್ಟಿದವನು, 1954ರಲ್ಲೇ ವಿಭಜನೆ ಮೇಲೆ 'ನಾಸ್ತಿಕ್' ತೆಗೆದವನು. ಅವನ ಪಾತ್ರಾನ ಕಾಮಿಡಿಗೇ ಇಟ್ಟಿದಾರೆ (ಅದು ನಂಗೆ ಈಗ್ಲೂ ಉರಿಯುತ್ತೆ), ಆದ್ರೂ ತನ್ನ ಇಂಜಿನ್ನ ಅವನು ಮಾತಾಡಿಸೋ ರೀತಿ ನೋಡು, ಹೀರೋ ಕೆನ್ನೆತ್ ಮೋರ್‌ಗಿಂತ ಮೊದ್ಲು ಇವನೇ ಇಷ್ಟ ಆಗ್ತಾನೆ.

ಇನ್ನು ಸೇತುವೆ ಸೀನು. ಕೆಳಗಿನ ಆಧಾರ ಒಡೆದುಹೋಗಿದೆ, ಹಳಿ ಗಾಳೀಲಿ ನೇತಾಡ್ತಿದೆ, ಒಬ್ಬೊಬ್ರೇ ಅದ್ರ ಮೇಲೆ ದಾಟ್ಬೇಕು. ದಯವಿಟ್ಟು ಅಲ್ಲಿ ಸ್ಪೀಡ್ ಜಾಸ್ತಿ ಮಾಡ್ಬೇಡಪ್ಪ, ನಿಧಾನ ಇದ್ರೇನೇ ಎದೆ ಹೊಡ್ಕೊಳ್ಳೋದು. ಡೈರೆಕ್ಟರ್ ಜೆ. ಲೀ ಥಾಂಪ್ಸನ್ ಆಮೇಲೆ 1961ರಲ್ಲಿ 'ಗನ್ಸ್ ಆಫ್ ನವರೋನ್' ಮಾಡಿ ಹೆಸರು ಮಾಡ್ದ, ಜನ ಅದನ್ನ ನೆನಪಿಟ್ಕೊಂಡು ಇದನ್ನ ಮರೆತ್ರು, ನನ್ ಕೇಳಿದ್ರೆ ಇದೇ ಒಂದು ಕೈ ಮೇಲು.

ಪತ್ರಕರ್ತ ವಾನ್ ಲೇಡನ್ ಮೇಲೂ ಕಣ್ಣಿಡು, ಹರ್ಬರ್ಟ್ ಲೋಮ್ ಮಾಡಿರೋದು. ಬ್ರಿಟಿಷರಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡೋದು ಅವನೊಬ್ನೇ, ಅವನನ್ನೇ ವಿಲನ್ ಮಾಡಿದಾರೆ, ಯಾಕೆ ಅಂತ ಯೋಚ್ನೆ ಮಾಡು. ಕೊನೇಲಿ ಆ ರಾಜಕುಮಾರ, ಬ್ರಿಟಿಷರು ಹೋಗೋ ಹಾಗೆ ನಾನು ಹೋರಾಡ್ಬೇಕು ಅಂತ ಅಪ್ಪ ಹೇಳಿದಾರೆ, ಹಾಗಾದ್ರೆ ನಿನ್ ಜೊತೆನೂ ಹೋರಾಡ್ಬೇಕಾ ಅಂತ ಕ್ಯಾಪ್ಟನ್ನ ಕೇಳ್ತಾನೆ. ತುತ್ತೂರಿ ಅಂದ್ಯಲ್ಲ, ಅದಕ್ಕೇ ಹೇಳ್ದೆ.

ಫೋನಲ್ಲಿ ಬೇಡ, ಸಿನಿಮಾಸ್ಕೋಪ್ ಅದು, ಅಗಲ ಪರದೇದು, ರಾಜಸ್ಥಾನದಲ್ಲೂ ಸ್ಪೇನಲ್ಲೂ ತೆಗೆದಿದಾರೆ, ಟೀವಿಗೆ ಹಾಕ್ಕೊಂಡು ನೋಡು. ನೋಡಿದ್ಮೇಲೆ ಜಗಳ ಆಡೋದಿದ್ರೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ