ಆಫ್ ಮಾಡಿದರೆ ಮುಗಿಯುವ ಆಟವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಎರಡನೇ ಹಂತದ ಹುಡುಗನ ಗೇಮ್ ಐಡಿ, ಅಂದರೆ ಆನ್‌ಲೈನ್ ಆಟದ ಖಾತೆ, ಕಳುವಾದ ವರದಿ ನಿಮ್ಮ ಪತ್ರಿಕೆಯಲ್ಲಿ ನಿನ್ನೆ ಓದಿದೆ. ಆ ಹುಡುಗ ನನ್ನ ಮಗ. 'ಅದು ಬರೀ ಆಟ, ಫೋನ್ ಆಫ್ ಮಾಡಿದರೆ ಮುಗೀತು' ಎಂಬ ಅಧಿಕಾರಿಯ ಮಾತು ಓದಿ ಹೊಟ್ಟೆ ಉರಿಯಿತು. ನನ್ನ ಮುಖಕ್ಕೂ ಇದನ್ನೇ ಹೇಳಿದ್ದರು.

ಮುಗಿಯುವುದಿಲ್ಲ ಸ್ವಾಮಿ. ಕೇರಂ ಬೋರ್ಡು ಎತ್ತಿಟ್ಟರೆ ಆಟ ಮುಗಿಯುತ್ತದೆ. ಇಂಟರ್ನೆಟ್ಟಿನಲ್ಲಿ ನಡೆಯುವ ಈ ಆಟ ಹಾಗಲ್ಲ. ಮಗ ಮಲಗಿದ ಮೇಲೂ ಅವನು ಕಟ್ಟಿದ ಮನೆ ಅಲ್ಲೇ ಇರುತ್ತದೆ. ಯಾವ್ಯಾವುದೋ ದೇಶದ ಮಕ್ಕಳು ಅದರ ಮುಂದೆ ಓಡಾಡುತ್ತಿರುತ್ತಾರೆ. ಅಲ್ಲಿ ಅವನಿಗೊಂದು ಹೆಸರು, ಒಂದು ರೂಪ, ಗೆಳೆಯರು, ಆ ಲೋಕದ್ದೇ ದುಡ್ಡು ಎಲ್ಲ ಇತ್ತು. ಎರಡು ವರ್ಷ ಕೂತು ಕಟ್ಟಿದ್ದ. ಕೆಂಪು ಹೆಂಚು, ಮುಂದೆ ಜಗಲಿ, ಥೇಟ್ ಊರಿನ ಅಜ್ಜಿ ಮನೆ. ಅಲ್ಲಿನ ಕಾಯಿನ್‌ಗಳಿಗೆ ನಾನೇ 2,400 ರೂಪಾಯಿ ಯುಪಿಐ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ನೋಡಿದರೆ ಪಾಸ್‌ವರ್ಡ್ ಬದಲಾಗಿತ್ತು. ಯಾರೋ ಅವನ ವೇಷದಲ್ಲಿ ನಿಂತು ಅವನ ಗೆಳೆಯರ ಹತ್ತಿರವೇ ಸಾಮಾನು ಕೇಳುತ್ತಿದ್ದರು. ಮಗ ಅವತ್ತು ತಿಂಡಿ ತಿನ್ನಲಿಲ್ಲ.

ದೂರು ಕೊಡಲು ಮೂರು ದಿನ ರಜೆ ಹಾಕಿ ಠಾಣೆಗೆ ಅಲೆದೆ. ಮೊದಲ ದಿನ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ದಿನ ಸರ್ವರ್ ಡೌನ್. ಮೂರನೇ ದಿನ, ಕಳುವಾದ ವಸ್ತುವಿನ ಬಿಲ್ ಕೇಳಿದರು. ಫೋನಿನಲ್ಲಿ ಪೇಮೆಂಟ್ ತೋರಿಸಿದೆ. 'ಇಲ್ಲದ ಮನೆಗೆ ಕಳ್ಳ ಬಂದಿದ್ನಾ' ಅಂತ ಒಬ್ಬರು ಅಂದರು, ಉಳಿದವರು ನಕ್ಕರು. ಮಗ ಪಕ್ಕದಲ್ಲೇ ನಿಂತಿದ್ದ.

ನೆದರ್ಲೆಂಡ್ಸಿನಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದವನೊಬ್ಬನನ್ನು ಹೊಡೆದು, ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ ಅವನ ಹತ್ತಿರ ಇದ್ದ ತಾಯಿತ, ಮುಖವಾಡ ಕಿತ್ತುಕೊಂಡರು. ಅವೂ ಕೈಗೆ ಸಿಗುವ ವಸ್ತುಗಳಲ್ಲ. ಆದರೆ ಹುಡುಗ ಅದಕ್ಕೆ ಸಮಯ, ಶ್ರಮ ಹಾಕಿದ್ದಾನೆ, ಬೆಲೆ ಇದೆ, ಇದು ಕಳ್ಳತನವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ನಮ್ಮವರಿಗೆ ಇದನ್ನು ಓದೋಕೂ ಪುರುಸೊತ್ತಿಲ್ವಾ?

ಠಾಣೆಯಿರಲಿ, ಬೇರೆ ಸರ್ಕಾರಿ ಕಚೇರಿಯಿರಲಿ, ಯಾವಾಗಲೂ ಇದೇ ಗೋಳು. ಸ್ಕೂಟರ್ ಕಳುವಾದಾಗ 'ಲಾಕ್ ಯಾಕೆ ಸರಿಯಾಗಿ ಹಾಕಲಿಲ್ಲ' ಅಂತ ನನ್ನನ್ನೇ ಬೈದಿದ್ದರು. ಸ್ಕೂಟರ್ ಇವತ್ತಿಗೂ ಸಿಕ್ಕಿಲ್ಲ. ಮನೆ ಖಾತೆಗೆ ಹೋದರೆ ಒಂದೇ ಕಾಗದಕ್ಕೆ ಏಳು ಸಲ ಜೆರಾಕ್ಸ್ ತರಿಸಿದ್ದರು. ನಮ್ಮ ಬೀದಿ ದೀಪದ ವಿಷಯ ನಿಮ್ಮ ಪತ್ರಿಕೆಗೇ ಎರಡು ಸಲ ಬರೆದಿದ್ದೇನೆ.

ದೂರು ಬರೆದುಕೊಳ್ಳಲಿ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲಾದರೂ ಬರೆದುಕೊಡಲಿ. ಮೊದಲು ಮಕ್ಕಳ ಮುಂದೆ ನಗುವುದನ್ನು ನಿಲ್ಲಿಸಲಿ.

- ಹುಡುಗನ ತಂದೆ, ಎರಡನೇ ಹಂತ