ಅಂಗಿಯ ಮೇಲಿನ ಖಾಲಿ ವೃತ್ತದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ವಂದನೆಗಳು.

ಶನಿವಾರದ ಕುಂಗ್ ಫೂ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಕಳೆದ ವಾರ ಕೊಟ್ಟ ಅಂಗಿಯ ಎದೆಯ ಮೇಲೆ ಬರೀ ಒಂದು ಖಾಲಿ ವೃತ್ತವಿರುವುದನ್ನು ಕಂಡು, ಮುದ್ರಣದಲ್ಲಿ ಏನೋ ಬಿಟ್ಟುಹೋಗಿದೆಯೆಂದು ನಿಮ್ಮಲ್ಲಿ ಹಲವರು ಕಚೇರಿಗೆ ಬಂದು ವಿಚಾರಿಸಿದ್ದೀರಿ. ಅಚ್ಚು ಹಾಕಿದವರೂ ಇದೇ ಪ್ರಶ್ನೆ ಕೇಳಿದ್ದರು. ಇನ್ನು ಕೆಲವರು, ಅಭ್ಯಾಸದ ಕೊಠಡಿಯ ಗೋಡೆಯ ಮೇಲಿರುವ ಎರಡು ಬಣ್ಣದ ಚಿತ್ರ ಯಾವುದಾದರೂ ಧರ್ಮದ ಪೂಜಾಯಂತ್ರವೇ ಎಂದು ಸಂಕೋಚದಿಂದಲೇ ಕೇಳಿದ್ದೀರಿ. ಎರಡೂ ಪ್ರಶ್ನೆಗಳಿಗೆ ಉತ್ತರ ಆ ಗೋಡೆಯ ಚಿತ್ರದಲ್ಲೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅದು ಬ್ರೂಸ್ ಲೀ ಅವರ ಜೀತ್ ಕುನ್ ಡೋ ಪದ್ಧತಿಯ ಲಾಂಛನ. ಲೀ ತಮ್ಮ ಚೀನೀ ಹೆಸರಾದ ಜುನ್ ಫಾನ್ ಎಂಬುದನ್ನೇ ಇಟ್ಟು ಅಮೆರಿಕದ ಸಿಯಾಟಲ್ ಮತ್ತು ಓಕ್‌ಲೆಂಡ್‌ಗಳಲ್ಲಿ, ಆಮೇಲೆ 1967ರಲ್ಲಿ ಲಾಸ್ ಏಂಜಲೀಸ್‌ನ ಚೈನಾಟೌನ್‌ನಲ್ಲಿ ಶಾಲೆಗಳನ್ನು ನಡೆಸಿದರು. ಬರುವ ಗುದ್ದನ್ನು ದಾರಿಯಲ್ಲೇ ತಡೆಯುವ ಮಾರ್ಗ ಎಂಬರ್ಥದ ಜೀತ್ ಕುನ್ ಡೋ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ಲಾಂಛನದ ನಡುವೆ ಎರಡು ಬಣ್ಣದ ಅರ್ಧಗಳು ಬಾಗಿ ಕೂಡಿಕೊಂಡಿರುವ ಯಿನ್-ಯಾಂಗ್ ವೃತ್ತವಿದೆ, ಅದನ್ನು ಸುತ್ತುವರಿದು ಬಾಗಿದ ಎರಡು ಬಾಣಗಳಿವೆ, ಜೊತೆಗೆ 12 ಚೀನೀ ಅಕ್ಷರಗಳಿವೆ.

ನಡುವಿನ ವೃತ್ತ ಲೀ ಅವರ ಕಲ್ಪನೆಯಲ್ಲ, ಚೀನಾದ ಹಳೆಯ ಆಸ್ತಿ. ಯಿನ್ ಎಂದರೆ ಮೂಲದಲ್ಲಿ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಎಂದರೆ ಬಿಸಿಲಿನ ಮಗ್ಗುಲು. ನದಿಯಾದರೆ ಅದರ ಉತ್ತರದ ದಡ ಯಾಂಗ್. ಲ್ವೋ ನದಿಯ ಉತ್ತರಕ್ಕೆ ಬೆಳೆದ ಪುರಾತನ ರಾಜಧಾನಿಗೆ ಲ್ವೋಯಾಂಗ್ ಎಂಬ ಹೆಸರು ಬಂದದ್ದು ಹಾಗೆ. ಬೆಟ್ಟ ಒಂದೇ, ಹೊತ್ತು ಏರಿ ಇಳಿದಂತೆ ಬಿಸಿಲು ನೆರಳುಗಳು ಅದರ ಮೇಲೆ ಜಾಗ ಬದಲಿಸುತ್ತವೆ. ಆದ್ದರಿಂದ ಮನೆಯಲ್ಲಿ ಮಕ್ಕಳು ಕೇಳಿದಾಗ ಬಿಳಿ ಒಳ್ಳೆಯದು, ಕಪ್ಪು ಕೆಟ್ಟದ್ದು ಎಂದು ದಯವಿಟ್ಟು ಹೇಳಬೇಡಿ; ಇದು ದೇವಾಸುರರ ಕಾಳಗದ ಚಿತ್ರವಲ್ಲ, ಒಂದರೊಳಗೆ ಇನ್ನೊಂದರ ಚುಕ್ಕೆ ಇರುವುದೂ ಅದಕ್ಕಾಗಿಯೇ. ಚೀನಾದ ಪ್ರಾಚೀನ ತತ್ತ್ವವಾದ ತಾವೋ ಚಿಂತನೆಯಲ್ಲಿ ಈ ವೃತ್ತಕ್ಕೆ ದೊಡ್ಡ ಸ್ಥಾನವಿದೆ ಎಂಬುದು ನಿಜವಾದರೂ ಅದನ್ನು ಪೂಜೆಯ ವಸ್ತುವಾಗಿ ಲೀ ಬಳಸಲಿಲ್ಲ, ನಾವೂ ಬಳಸುವುದಿಲ್ಲ. ಭೌತವಿಜ್ಞಾನಿ ನೀಲ್ಸ್ ಬೋರ್ ಅವರು 1947ರಲ್ಲಿ ಡೆನ್ಮಾರ್ಕಿನ ಉನ್ನತ ಗೌರವ ಪಡೆದಾಗ ತಮ್ಮ ವಂಶಲಾಂಛನಕ್ಕೆ ಆರಿಸಿಕೊಂಡದ್ದೂ ಇದೇ ವೃತ್ತವನ್ನು.

ಯಿನ್ ‘ಮತ್ತು’ ಯಾಂಗ್ ಎಂದು ನಡುವೆ ಮತ್ತು ಸೇರಿಸಿದರೆ ಒಂದೇ ವಸ್ತುವನ್ನು ಎರಡು ಮಾಡಿದಂತೆ ಎಂಬುದು ಲೀ ಅವರ ಆಕ್ಷೇಪವಾಗಿತ್ತು. ಅದಕ್ಕೆ ಅವರು ಕೊಟ್ಟ ಉದಾಹರಣೆ ಸೈಕಲ್ಲಿನದು: ಎರಡೂ ಪೆಡಲುಗಳನ್ನು ಒಟ್ಟಿಗೆ ತುಳಿದರೂ ಸೈಕಲ್ ಮುಂದೆ ಹೋಗದು, ಎರಡನ್ನೂ ಬಿಟ್ಟರೂ ಹೋಗದು, ಒಂದನ್ನು ತುಳಿಯುವಾಗಲೇ ಇನ್ನೊಂದನ್ನು ಸಡಿಲಬಿಡಬೇಕು. ಬಾಣಗಳ ಕೆಲಸ ಈ ಚಲನೆಯನ್ನು ತೋರಿಸುವುದು. ಬಾಣಗಳಿಲ್ಲದ ವೃತ್ತವನ್ನು ಅಲಂಕಾರವೆಂದು ಭಾವಿಸಿ ಕಣ್ಣು ಮುಂದೆ ಹೋಗಿಬಿಡುತ್ತದೆ, ಬಾಣಗಳು ಸೇರಿದಾಗ ಅದು ತಿರುಗತೊಡಗುತ್ತದೆ. ನನ್ನ ಮಟ್ಟಿಗೆ ಇಡೀ ಲಾಂಛನದ ಜೀವ ಇರುವುದು ಅಲ್ಲಿಯೇ. ಹಾಂಗ್‌ಕಾಂಗ್‌ನಲ್ಲಿ ಇಪ್ ಮಾನ್ ಅವರಿಂದ ಲೀ ಕಲಿತ ವಿಂಗ್ ಚುನ್ ಪದ್ಧತಿಯಲ್ಲೂ ಮೊದಲು ತಡೆ, ಆಮೇಲೆ ಹೊಡೆತ ಎಂಬ ಎರಡು ಹೆಜ್ಜೆಯ ಲೆಕ್ಕಕ್ಕಿಂತ ಎರಡೂ ಒಂದೇ ಹೊತ್ತಿನಲ್ಲಿ ನಡೆಯುವುದಕ್ಕೇ ಬೆಲೆ.

ಅಕ್ಷರಗಳ ತಾತ್ಪರ್ಯ ಇಷ್ಟು: ವಿಧಾನವಿಲ್ಲದಿರುವುದೇ ವಿಧಾನವಾಗಲಿ, ಮಿತಿಯಿಲ್ಲದಿರುವುದೇ ಮಿತಿಯಾಗಲಿ. ಇಲ್ಲಿ ವಿಧಾನ ಎಂಬರ್ಥದಲ್ಲಿ ಬಂದಿರುವ ‘ಫಾ’ ಎಂಬ ಅಕ್ಷರವನ್ನೇ ಚೀನಾದ ಬೌದ್ಧ ಅನುವಾದಕರು ನಮ್ಮ ‘ಧರ್ಮ’ ಎಂಬ ಪದಕ್ಕೆ ಬಳಸಿದ್ದರು. ಈ ಮಾತನ್ನು ಅಭ್ಯಾಸ ತಪ್ಪಿಸಲು ನೆಪವಾಗಿ ಬಳಸಿದ ವಿದ್ಯಾರ್ಥಿಗಳೂ ನಮ್ಮಲ್ಲಿದ್ದಾರೆ. ಆದರೆ ಒಂದೇ ವಿಧಾನಕ್ಕೆ ಕಟ್ಟುಬೀಳಬಾರದು ಎಂದು ಹೇಳಿದ ಲೀ ಸ್ವತಃ ದಿನವೂ ಬೆವರು ಸುರಿಸಿದವರು ಎಂಬುದನ್ನು ಅವರಿಗೆ ನೆನಪಿಸುತ್ತಿರುತ್ತೇನೆ.

ಇನ್ನು ಖಾಲಿ ವೃತ್ತ. ಲೀ ತಮ್ಮ ಶಾಲೆಗೆ ರೂಪಿಸಿದ ಶ್ರೇಣಿಗಳು ಎಂಟು. ಮೊದಲನೆಯ ಶ್ರೇಣಿಯ ಗುರುತು ಏನೂ ಬರೆಯದ ವೃತ್ತ; ನಡುವಿನ ಶ್ರೇಣಿಗಳಿಗೆ ಬೇರೆ ಬೇರೆ ಬಣ್ಣದ ಯಿನ್-ಯಾಂಗ್; ಎಂಟನೆಯದಕ್ಕೆ, ಅಂದರೆ ಎಲ್ಲಕ್ಕೂ ಮೇಲಿನದಕ್ಕೆ, ಮತ್ತೆ ಅದೇ ಖಾಲಿ ವೃತ್ತ. ಅಲ್ಲಮನ ಬಯಲನ್ನು ಬಲ್ಲ ನಮಗೆ ಇದು ಪರಿಚಿತವೆನಿಸಬಹುದು, ಎರಡರ ಹಿನ್ನೆಲೆಯೂ ಬೇರೆಯೆಂಬ ಎಚ್ಚರವಿದ್ದರೆ ಸಾಕು.

ಹೀಗಾಗಿ ಅಂಗಿಗಳನ್ನು ಹಿಂದಿರುಗಿಸಬೇಕಾಗಿಲ್ಲ. ಗೋಡೆಯ ಮೇಲಿನ ಲಾಂಛನ ಇನ್ನೊಬ್ಬರ ಶಾಲೆಯದಾದ್ದರಿಂದ ಅದನ್ನು ನಾವು ಅಂಗಿಗೆ ಹಾಕಿಸುವುದಿಲ್ಲ. ವೃತ್ತದೊಳಗೆ ಮಕ್ಕಳು ಸ್ಕೆಚ್ ಪೆನ್ನಿನಿಂದ ಏನನ್ನೂ ಬರೆಯದಂತೆ ಮಾತ್ರ ನೋಡಿಕೊಳ್ಳಿ. ಈಗಾಗಲೇ ಇಬ್ಬರು ಬರೆದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು